ಸೋಸಿದ ಬ್ರೇಕ್ ಆಯಿಲ್

ನಮ್ಮ ಹೈಸ್ಕೂಲಿನ ಹಿಂದಿ ಮಾಸ್ತರರು ನಿವೃತ್ತರಾದಾಗ ಅವರ ಬಗ್ಗೆ ಒಂದು ಅಭಿನಂದನಾ ಪುಸ್ತಿಕೆ ತಂದರು. ನೀವೂ ಒಂದು ಪುಟ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯಿನಿ ನನಗೆ ಹೇಳಿದರು. ನನ್ನಿಂದ ಆಗುವುದಿಲ್ಲ ಎಂದೆ. ಪುಸ್ತಿಕೆ ಬಂತು. ಬರೆದವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ರೀತಿ ಬರೆದಿದ್ದರು: ಅವರು ಯಾರಿಗೂ ಯಾವತ್ತೂ ಇಲ್ಲ ಅನ್ನಲಿಲ್ಲ. ಅದು ನಿಜ. ಅವರನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುವುದು ಅದಕ್ಕೇ. ಅಂದು ಬರೆಯದ ಆ ಪುಟವನ್ನು ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಹೆಂಡತಿ ಸಾಧು ಹೆಂಗಸು, ಅವರಿಗೆ ನೋವಾಗುವುದು ಬೇಡ.

ನಾನು ಖಾನಾಪುರದ ಆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ದಿನಾ ಬೈಕಿನ ಮೇಲೆ ಹೋಗಿ ಬರುವುದು. ಹಿಂದಿ ಸರ್ ಕೂಡ ಬೆಳಗಾವಿಯಿಂದಲೇ ಬೈಕಿನಲ್ಲಿ ಬರುತ್ತಿದ್ದರು. ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಲ್ಲಿ ಸದಾ ಒಂದು ಲವಂಗ. ಶಾಲೆಗೆ ಬಂದೊಡನೆ ಸೀಟಿನ ಕೆಳಗಿನಿಂದ ಹಳದಿ ಬಟ್ಟೆ ತೆಗೆದು, ದಾರಿಯಲ್ಲಿನ ಮಚ್ಛೆ ಊರಿಂದ ಹತ್ತಿಕೊಂಡು ಬಂದ ಕೆಂಪು ಧೂಳನ್ನೆಲ್ಲ ಒರೆಸಿ, ಪೆಟ್ರೋಲ್ ಟಾಕಿಯಲ್ಲಿ ತಮ್ಮ ಮುಖ ಕಾಣುತ್ತದೆಯೋ ಇಲ್ಲವೋ ನೋಡಿ, ಆಮೇಲೆ ಸಹಿ ಮಾಡಲು ಒಳಗೆ ಹೋಗುತ್ತಿದ್ದರು.

ಅವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುತ್ತಿದ್ದ ಮಾತು ಒಂದೇ. ‘ನಾ ಅದೀನಲ್ಲ.’ ಯಾರಿಗಾದರೂ ಮನೆ ಬೇಕೇ, ಮಗಳಿಗೆ ವರ ಬೇಕೇ, ಮಿಕ್ಸರ್ ಕೆಟ್ಟಿದೆಯೇ, ಮೊಣಕೈ ನೋಯುತ್ತಿದೆಯೇ, ನಾ ಅದೀನಲ್ಲ. ನಾನು ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕಿ ಕೊಟ್ಟವರೂ ಅವರೇ. ನಮ್ಮ ತಂದೆಯ ಸೊಂಟ ಮುರಿದು ಜಿಲ್ಲಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವರು ರಜೆ ಹಾಕಿ ಪಕ್ಕದಲ್ಲಿ ಕೂತು, ಕಿತ್ತಳೆ ಸುಲಿದು, ಬೀಜ ತೆಗೆದು ಒಂದೊಂದೇ ತೊಳೆ ಬಾಯಿಗಿಟ್ಟರು. ತಂದೆ ಕೊನೆಯವರೆಗೂ ನಿಮ್ಮ ಹಿಂದಿ ಮಾಸ್ತರ ಹೆಂಗ ಅದಾರು ಎಂದು ಕೇಳುತ್ತಿದ್ದರು. ಇದನ್ನು ನಾನು ಅಳಿಸುವುದಿಲ್ಲ. ಅಳಿಸಲು ಬರುವಂತಿದ್ದರೆ ಅವರ ಬಗ್ಗೆ ಬರೆಯುವುದು ಸುಲಭವಾಗುತ್ತಿತ್ತು.

ತೊಂದರೆ ಇಷ್ಟೇ, ಗೊತ್ತಿಲ್ಲ ಎಂಬ ಶಬ್ದ ಅವರ ನಾಲಿಗೆ ಮೇಲೆ ಇರಲಿಲ್ಲ. ಕಿತ್ತಳೆ ಸುಲಿದಷ್ಟೇ ಧೈರ್ಯದಿಂದ ಅವರು ಕರೆಂಟಿನ ವೈರು ಸುಲಿಯುತ್ತಿದ್ದರು, ಬಿಪಿಗೆ ಗುಳಿಗೆ ಕೊಡುತ್ತಿದ್ದರು, ಎಲ್ಲರ ಬೈಕುಗಳ ಬ್ರೇಕಿಗೆ ಆಯಿಲ್ ಹಾಕುತ್ತಿದ್ದರು.

ಈ ಬ್ರೇಕ್ ಆಯಿಲ್ ವಿಷಯವನ್ನು ಸ್ವಲ್ಪ ಹೇಳಬೇಕು. ಎಲ್ಲರೂ ಆಯಿಲ್ ಎನ್ನುತ್ತಾರೆ, ಅದು ಎಣ್ಣೆಯಲ್ಲ. ಹ್ಯಾಂಡಲ್ಲಿನ ಮೇಲೆ ಬಲಗಡೆ ಒಂದು ಪುಟ್ಟ ಡಬ್ಬಿಯಿರುತ್ತದೆ, ಅದರ ಹೊಟ್ಟೆಗೆ ಒಂದು ಗಾಜಿನ ಕಿಟಕಿ. ಒಳಗಿರುವ ದ್ರವ ಹೊಸದಿದ್ದಾಗ ತಿಳಿ ಜೇನಿನ ಬಣ್ಣ. ನಾವು ಬ್ರೇಕ್ ಹಿಡಿದಾಗ ನಮ್ಮ ಬೆರಳಿನ ಒತ್ತಡವನ್ನು ನಳಿಕೆಯೊಳಗೆ ಒಯ್ದು ಮುಂದಿನ ಗಾಲಿಯನ್ನು ಒತ್ತಿ ಹಿಡಿಯುವ ಪ್ಯಾಡುಗಳಿಗೆ ಮುಟ್ಟಿಸುವುದು ಅದೇ. ಒತ್ತಿದರೂ ಅದು ಕುಗ್ಗುವುದಿಲ್ಲ, ಬ್ರೇಕು ಹಿಡಿಯುವುದು ಅದರಿಂದಲೇ. ಆದರೆ ಅದಕ್ಕೊಂದು ಕೆಟ್ಟ ಚಟ: ಗಾಳಿಯಲ್ಲಿನ ತೇವವನ್ನು ಕುಡಿಯುತ್ತದೆ. ಖಾನಾಪುರದ ಮಳೆಗಾಲದಲ್ಲಿ ಮುಚ್ಚಳ ಹಾಕದ ಉಪ್ಪಿನ ಭರಣಿ ಏನಾಗುತ್ತದೆ ಎಂಬುದು ಎಲ್ಲರ ಅಡಿಗೆಮನೆಗೂ ಗೊತ್ತು. ಇದೂ ಹಾಗೆಯೇ, ಆದರೆ ಉಪ್ಪು ನೀರೊಡೆದದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಇಳಿಜಾರಿನಲ್ಲಿ ಬಹಳ ಹೊತ್ತು ಬ್ರೇಕ್ ಹಿಡಿದರೆ ಕಾವು ಏರಿ, ನೀರು ಕುಡಿದ ದ್ರವ ಬೇಗ ಕುದಿಯುತ್ತದೆ. ಕುದ್ದರೆ ಆವಿ. ಆವಿ ಒತ್ತಿದರೆ ಕುಗ್ಗುತ್ತದೆ. ಆಗ ಬ್ರೇಕಿನ ಹಿಡಿ ಸುಮ್ಮನೆ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ಹೊರಗೆ ತೆಗೆದು, ಸೀಲು ಒಡೆಯದ ಬಾಟಲಿಯಿಂದ ಹೊಸದನ್ನು ಹಾಕಬೇಕು. ಒಮ್ಮೆ ಒಡೆದ ಬಾಟಲಿಯನ್ನು ಇಟ್ಟುಕೊಳ್ಳಬಾರದು.

ಹಿಂದಿ ಸರ್ ಇಟ್ಟುಕೊಂಡಿದ್ದರು. ಶಿಕ್ಷಕರ ಕೋಣೆಯ ಕಪಾಟಿನಲ್ಲಿ, ಉತ್ತರ ಪತ್ರಿಕೆಗಳ ಹಿಂದೆ. ಬಾಟಲಿಯ ಮುಚ್ಚಳ ಎಂದೋ ಕಳೆದಿತ್ತು. ಬಾಯಿಗೆ ಪೇಪರಿನ ಸುರುಳಿ ತುರುಕಿದ್ದರು. ಯಾರದಾದರೂ ಗಾಡಿಯ ಕಿಟಕಿಯಲ್ಲಿ ಮಟ್ಟ ಕಡಿಮೆ ಕಂಡರೆ ಸಾಕು, ತೋಳು ಮಡಚಿಕೊಂಡು ಬರುತ್ತಿದ್ದರು. ಡಬ್ಬಿ ಬಿಚ್ಚಿ, ಒಳಗೆ ತೋರುಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಗಿಗೆ ಹಿಡಿದು, ಚಲೋ ಐತಿ, ಸ್ವಲ್ಪ ಹಾಕೂಣು ಎನ್ನುತ್ತಿದ್ದರು. ಬೆರಳನ್ನು ಅದೇ ಗಾಡಿಯ ಸೀಟಿಗೆ ಒರೆಸಿ ನೇರ ಊಟಕ್ಕೆ ಬರುತ್ತಿದ್ದರು. ತಮ್ಮ ಊಟದ ಡಬ್ಬಿಯನ್ನು ಅವರು ಕೊನೆಗೆ ತೆರೆಯುವುದು. ಮೊದಲು ಎಲ್ಲರ ಡಬ್ಬಿಯಲ್ಲೂ ಕೈ. ಆ ಬೆರಳುಗಳು ನನ್ನ ಹೆಂಡತಿ ಮಾಡಿದ ಥಾಲಿಪೀಠದ ಅಂಚು ಮುರಿಯುವುದನ್ನು ನೋಡಿ ನಾನು ಎಷ್ಟೋ ದಿನ ಡಬ್ಬಿಯನ್ನೇ ಅವರ ಕಡೆ ಸರಿಸಿ, ಹೊಟ್ಟೆ ಸರಿಯಿಲ್ಲ ಎಂದು ಉಪವಾಸ ಕೂತಿದ್ದೇನೆ. ಅವರಿಗೆ ನಾನು ದೊಡ್ಡ ಮನಸ್ಸಿನವನಾಗಿ ಕಂಡಿರಬೇಕು.

ಬಾಟಲಿಯಲ್ಲಿದ್ದುದು ಏನು ಎಂಬುದು ಗೊತ್ತಾದದ್ದು ಒಂದು ಮಳೆಗಾಲದಲ್ಲಿ. ಆ ದಿನ ಶಾಲೆಯ ಚಹಾಕ್ಕೆ ಏನೋ ಕಮಟು ವಾಸನೆ. ಜಾಳಿಗೆಯ ಚಹಾ ಸೋಸಣಿಗೆ ಕೈಯಲ್ಲಿ ಹಿಡಿದರೆ ಜಾರುತ್ತಿತ್ತು. ಚಹಾ ಮಾಡುವ ಆಯಾಳನ್ನು ಕೇಳಿದೆ. ಆಕೆ ಅಳುಕುತ್ತ, ಹಿಂದಿ ಸರ್ ಮುಂಜಾನೆ ಒಯ್ದಿದ್ದರು, ಬಿಸಿನೀರಲ್ಲಿ ತೊಳೆದೇ ಕೊಟ್ಟಾರೆ ಅಂದಳು. ಹೋಗಿ ಕೇಳಿದರೆ ಅವರು ಮುಚ್ಚಿಡಲಿಲ್ಲ, ಖುಷಿಯಿಂದಲೇ ವಿವರಿಸಿದರು. ಬೆಳಗಾವಿಯ ಆಟೋ ನಗರದಲ್ಲಿ ಅವರಿಗೊಂದು ಪರಿಚಯದ ಗ್ಯಾರೇಜು. ಅಲ್ಲಿ ಬೇರೆ ಗಾಡಿಗಳಿಂದ ಹೊರಗೆ ತೆಗೆದ ಹಳೇ ಬ್ರೇಕ್ ಆಯಿಲನ್ನು ಚೆಲ್ಲುತ್ತಾರಂತೆ. ಇವರು ಅದನ್ನು ಬೇಡಿ ತಂದು, ಸೋಸಿ, ಬಾಟಲಿಗೆ ತುಂಬುತ್ತಿದ್ದರು.

‘ಕೆಟ್ಟೈತಿ ಅಂದ್ರ ಒಳಗ ಕಸ ಇರ್ತೈತಿ, ಅಷ್ಟರಿ. ಸೋಸಿದ್ರ ಆತು,’ ಎಂದರು.

ಕಸ ಸೋಸಬಹುದು, ಅದು ಕುಡಿದ ನೀರನ್ನು ಸೋಸಲು ಬರುವುದಿಲ್ಲ, ಇದು ವಿಷ, ಚಹಾ ಸೋಸಣಿಗೆಯಲ್ಲಿ ಹಾಕಿದಿರಲ್ಲ ಎಂದು ಎಲ್ಲರೆದುರೇ ಹೇಳಿದೆ. ಉಪ್ಪಿನ ಭರಣಿಯ ಉದಾಹರಣೆ ಕೊಟ್ಟೆ. ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, ನಮ್ಮ ವಿಜ್ಞಾನ ಸರ್ ಪುಸ್ತಕ ಓದಿ ಗಾಡಿ ಹೊಡೀತಾರ ಎಂದರು. ಎಲ್ಲರೂ ನಕ್ಕರು. ನಾನು ಸೋಸಣಿಗೆಯನ್ನು ಗಟಾರಕ್ಕೆ ಎಸೆದು ಬಂದೆ. ಮರುದಿನ ಹೊಸ ಸೋಸಣಿಗೆ ತಂದವರೂ ಹಿಂದಿ ಸರ್ರೇ. ಅದಕ್ಕೂ ಅವರಿಗೆ ಎಲ್ಲರಿಂದ ಹೊಗಳಿಕೆ ಸಿಕ್ಕಿತು. ಅಂದಿನಿಂದ ನಾನು ಶಾಲೆಯಲ್ಲಿ ಚಹಾ ಕುಡಿದಿಲ್ಲ.

ಸುನಂದಾ ನಮ್ಮಲ್ಲಿಗೆ ದೈಹಿಕ ಶಿಕ್ಷಕಿಯಾಗಿ ಬಂದದ್ದು ಆಮೇಲೆ. ಜಾಂಬೋಟಿಯ ಭತ್ತದ ಗದ್ದೆಯ ಮನೆತನ, ಮನೆಮಾತು ಮರಾಠಿ, ಶಾಲೆಯಲ್ಲಿ ನಮ್ಮೆಲ್ಲರ ಹಾಗೆ ಕನ್ನಡ. ಖೋಖೋದಲ್ಲಿ ರಾಜ್ಯಮಟ್ಟಕ್ಕೆ ಆಡಿದವಳು. ಕಂಬ ಹಿಡಿದು ತಿರುಗುವಾಗ ಅವಳ ಕಾಲು ನೆಲಕ್ಕೆ ತಾಗುತ್ತದೆಯೋ ಇಲ್ಲವೋ ಎಂದು ಹುಡುಗಿಯರು ಬಾಯಿ ತೆರೆದು ನೋಡುತ್ತಿದ್ದರು. ತನ್ನ ಸಂಬಳದಲ್ಲಿ ಸ್ಕೂಟಿಯಲ್ಲ, ಗೇರಿನ ಬೈಕೇ ತೆಗೆದುಕೊಂಡಿದ್ದಳು. ಹಿಂದಿ ಸರ್ ಅವಳನ್ನು ಮಗಳ ಎಂದೇ ಕರೆಯುತ್ತಿದ್ದರು.

ಮಳೆಗಾಲ ಮುಗಿದ ಹೊಸತು. ಒಂದು ದಿನ ಅವಳ ಗಾಡಿಯ ಕಿಟಕಿಯಲ್ಲಿ ಮಟ್ಟ ಗೆರೆಗಿಂತ ಕೆಳಗಿರುವುದನ್ನು ಕಂಡು ಬಗ್ಗಿ ನೋಡಿದೆ. ಪ್ಯಾಡುಗಳು ಸವೆದು ಹಾಳೆಯಾಗಿದ್ದವು. ಪ್ಯಾಡು ಸವೆದಷ್ಟೂ ಆಯಿಲ್ ಕೆಳಗಿಳಿಯುತ್ತದೆ, ಅದು ಎಚ್ಚರಿಕೆ ಕೊಡುವ ರೀತಿ, ಸುಮ್ಮನೆ ಮೇಲೆ ತುಂಬಿದರೆ ಎಚ್ಚರಿಕೆಯ ಬಾಯಿ ಮುಚ್ಚಿದಂತೆ ಎಂದು ಅವಳಿಗೆ ಹೇಳಿದೆ. ಶನಿವಾರ ಆಟೋ ನಗರಕ್ಕೆ ಒಯ್ದು ಪ್ಯಾಡು ಬದಲಿಸಿ, ಹಳೇ ಆಯಿಲ್ ಪೂರ್ತಿ ತೆಗೆಸುತ್ತೇನೆ ಎಂದು ಒಪ್ಪಿಕೊಂಡಳು. ಮರುದಿನದಿಂದ ನನಗೆ ಬೆಳಗಾವಿಯಲ್ಲಿ ತರಬೇತಿ ಇತ್ತು, ಆ ವಾರ ನಾನು ಶಾಲೆಗೆ ಹೋಗಲಿಲ್ಲ.

ಶನಿವಾರ ಅವಳು ಹೊರಟು ನಿಂತಾಗ ಹಿಂದಿ ಸರ್ ಎದುರಾದರು. ಎಲ್ಲಿಗೆ ಎಂದು ಕೇಳಿದರು. ಹೇಳಿದಳು. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೂರವೇ ಎಂದರು. ಬ್ಯಾಡ್ರಿ ಸರ್ ಎಂದು ಅವಳು ಎರಡು ಸಲ ಅಂದಳಂತೆ.

‘ಮಗಳ, ಮನ್ಯಾಗ ಮಂದಿ ಇರೂವಾಗ ಹೊರಗಿನವರಿಗೆ ಯಾಕ ತೋರಸ್ತಿ? ನಾ ಅದೀನಲ್ಲ.’

ತಂದೆಯ ವಯಸ್ಸಿನವರು, ತೋಳು ಮಡಚಿಕೊಂಡು ನಿಂತಿದ್ದಾರೆ, ಹೇಗೆ ಬೇಡ ಎನ್ನುವುದು. ಅವರು ಬಾಟಲಿ ತಂದು ತುಂಬಿದರು. ಹಿಡಿ ಒತ್ತಿ ನೋಡಿದಳು, ಗಟ್ಟಿ ಇತ್ತು. ಕಿಟಕಿ ತುಂಬಿತ್ತು. ಪ್ಯಾಡಿನ ಬಗ್ಗೆ ಕೇಳಿದ್ದಕ್ಕೆ, ಇನ್ನೂ ಆರು ತಿಂಗಳು ಏನೂ ಆಗುವುದಿಲ್ಲ ಎಂದರಂತೆ. ಬಗ್ಗಿ ನೋಡಲಿಲ್ಲ. ಬಗ್ಗಿದ್ದರೆ ಇಸ್ತ್ರಿ ಮುರಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಅವಳು ಗೋವೆಯ ಕಡೆಯ ಚಿಕ್ಕಮ್ಮನನ್ನು ನೋಡಲು ಚೋರ್ಲಾ ಘಾಟಿ ಇಳಿಯುತ್ತಿದ್ದಳು. ಮುಂದೆ ಒಂದು ಲಾರಿ ತೆವಳುತ್ತಿತ್ತು. ಹಿಂದಿಕ್ಕಲು ಜಾಗವಿಲ್ಲದೆ, ಗೇರು ಇಳಿಸಿಕೊಂಡು, ಬ್ರೇಕ್ ಹಿಡಿದು ಬಿಟ್ಟು ಮಾಡುತ್ತ ಅದರ ಹಿಂದೆಯೇ ಇಳಿದಳು. ನಡುವೆ ಒಂದು ತಿರುವಿನಲ್ಲಿ ಹಿಡಿ ಮೆತ್ತಗಾಯಿತು. ಆಮೇಲೆ ಅವಳು ಹೇಳಿದ ಮಾತು, ಒದ್ದಿ ಅರಬಿ ಹಿಂಡಿದಂಗ ಆತ್ರಿ ಸರ್; ಒದ್ದೆ ಬಟ್ಟೆ ಹಿಂಡಿದ ಹಾಗೆ. ಇನ್ನೊಮ್ಮೆ ಒತ್ತಿದಾಗ ಹಿಡಿ ಪೂರ್ತಿ ಬಂದು ಹ್ಯಾಂಡಲ್ಲಿಗೆ ತಾಗಿತು. ಹಿಂದಿನ ಬ್ರೇಕು ತುಳಿದಳು, ಗಾಲಿ ಜಾರಿತು. ಎಡಕ್ಕೆ ಗುಡ್ಡ, ಬಲಕ್ಕೆ ಕಂದರ. ಗಾಡಿಯನ್ನು ಗುಡ್ಡದ ಕಡೆಗೆ ಎಳೆದು ತಾನಾಗಿಯೇ ಕಲ್ಲಿಗೆ ಗುದ್ದಿದಳು. ಅಷ್ಟು ಬುದ್ಧಿ ಓಡಿದ್ದರಿಂದ ಜೀವ ಉಳಿಯಿತು. ಮೊಣಕಾಲಿನ ಚಿಪ್ಪು ಪುಡಿಯಾಯಿತು. ಆ ಲಾರಿಯವರೇ ಅವಳನ್ನು ಎತ್ತಿ, ಎದುರು ಬಂದ ಕಾರೊಂದನ್ನು ನಿಲ್ಲಿಸಿ ಬೆಳಗಾವಿಗೆ ಕಳಿಸಿದರು.

ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಹಿಂದಿ ಸರ್ ಅಲ್ಲಿದ್ದರು. ರಕ್ತಕ್ಕೆ ಓಡಾಡಿದವರು, ಡಾಕ್ಟರರ ಹತ್ತಿರ ಮಾತಾಡಿದವರು, ಅವಳ ತಾಯಿಗೆ ಎಳನೀರು ಕುಡಿಸಿದವರು ಅವರೇ. ಆ ಓಡಾಟದಲ್ಲಿ ಸುಳ್ಳು ಇರಲಿಲ್ಲ, ಬೆವರಿದ್ದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಸುನಂದಾಳ ತಂದೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಂದಿ ಸರ್ ಅವರ ಪಕ್ಕ ಕೂತು, ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತಿದ್ದರು.

‘ಹೆಣ್ಣಮಕ್ಕಳಿಗೆ ಕೈಯಾಗ ಅಂದಾಜ ಇರೂದಿಲ್ಲರಿ ಕಾಕಾ. ಘಾಟ ಪೂರಾ ಬ್ರೇಕ್ ಹಿಡಕೊಂಡ ಇಳದಾಳ. ಆಗೂದ ಆತು, ಆಕಿಗೆ ಬೈಬ್ಯಾಡ್ರಿ.’

ಆ ಮುದುಕರು ತಲೆ ಆಡಿಸಿದರು. ಶನಿವಾರ ನಡೆದದ್ದನ್ನು ನಾನು ಆಗಷ್ಟೇ ಸುನಂದಾಳ ಬಾಯಿಂದ ಕೇಳಿ ಹೊರಗೆ ಬಂದಿದ್ದೆ. ನೀವು ಏನು ಹಾಕಿದಿರಿ ಎಂದು ಹಿಂದಿ ಸರ್ರನ್ನು ವರಾಂಡದಲ್ಲೇ ಕೇಳಿದೆ. ಇದು ಅದನ್ನು ಮಾತಾಡುವ ಹೊತ್ತೇ ಎಂದು ಅವರು ನನ್ನನ್ನು ಮರುಕದಿಂದ ನೋಡಿದರು. ಸುತ್ತಲಿದ್ದವರೂ ಹಾಗೆಯೇ ನೋಡಿದರು.

ಗಾಡಿಯನ್ನು ಟೆಂಪೋದಲ್ಲಿ ಹಾಕಿ ಆಟೋ ನಗರಕ್ಕೆ ತಂದಾಗ ಸುನಂದಾಳ ತಂದೆಯ ಜೊತೆ ನಾನೂ ಹೋದೆ. ಅವರು ಅದನ್ನು ಮಾರಿಬಿಡುವ ಮನಸ್ಸಿನಲ್ಲಿದ್ದರು. ಮಾರುವ ಮುಂಚೆ ಡಬ್ಬಿ ಬಿಚ್ಚಿಸಿ ನೋಡೋಣ ಎಂದೆ. ಮಿಸ್ತ್ರಿ ಮುಚ್ಚಳ ತೆಗೆದ. ಒಳಗೆ ಕಪ್ಪು ಕಷಾಯದಂಥದ್ದು. ಒಂದು ಗಾಜಿನ ಲೋಟಕ್ಕೆ ಬಸಿದು, ಪಕ್ಕದಲ್ಲಿ ಹೊಸ ಬಾಟಲಿ ಒಡೆದು ಇನ್ನೊಂದು ಲೋಟಕ್ಕೆ ಸುರಿದ. ಬೇರೆ ಏನೂ ಹೇಳುವ ಅಗತ್ಯವಿರಲಿಲ್ಲ. ಆದರೂ ಮುಚ್ಚಳದ ಒಳಗಿನ ರಬ್ಬರನ್ನು ಉಗುರಿನಿಂದ ಎಬ್ಬಿಸಿ ನೋಡಿದವನು ಬೆಳಕಿಗೆ ಹಿಡಿದು, ಇದೇನ್ರಿ ಚಹಾಪುಡಿ ಎಂದ. ರಬ್ಬರಿನ ಮಡಿಕೆಯಲ್ಲಿ ಎರಡು ಕಣ ಅಂಟಿದ್ದವು. ನಾನು ಬೆರಳಿನಿಂದ ಮುಟ್ಟಲೂ ಇಲ್ಲ.

ನಾನು ಆ ಹಿರಿಯರಿಗೆ ನೀರು ಕುಡಿದ ಆಯಿಲ್ ಹೇಗೆ ಕುದಿಯುತ್ತದೆ, ಹಿಡಿ ಯಾಕೆ ಸಡಿಲಾಯಿತು, ಸವೆದ ಪ್ಯಾಡು ಕಾವನ್ನು ಹೇಗೆ ಬೇಗ ಆಯಿಲಿಗೆ ದಾಟಿಸುತ್ತದೆ ಎಲ್ಲ ಹೇಳಿದೆ. ಅವರು ಎರಡೂ ಲೋಟಗಳನ್ನು ಒಂದಾದ ಮೇಲೊಂದು ಎತ್ತಿ ನೋಡಿದರು.

‘ಅಂದ್ರ ಪೋರಿದು ತಪ್ಪಿಲ್ಲ,’ ಎಂದರು.

ಇಲ್ಲ ಎಂದೆ. ಟೋಪಿ ತಲೆಗೆ ಹಾಕಿಕೊಂಡು, ಗಾಡಿ ದುರಸ್ತಿ ಮಾಡಿಸ್ರಿ, ಮಾರೂದಿಲ್ಲ ಎಂದು ಹೇಳಿ, ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ಮಗಳ ಹಾಸಿಗೆಯ ಬಳಿ ಕೂತು ಏನು ಹೇಳಿದರೋ ಗೊತ್ತಿಲ್ಲ. ನಾನು ಸಂಜೆ ಹೋದಾಗ ಸುನಂದಾ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಬಿದ್ದ ದಿನದಿಂದ ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲವಂತೆ.

ಅವಳು ಕೋಲು ಊರಿಕೊಂಡು ಶಾಲೆಗೆ ಬಂದದ್ದು ಬೇಸಿಗೆಯ ಹೊತ್ತಿಗೆ. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನೇರ ಹಿಂದಿ ಸರ್ ಎದುರು ಹೋಗಿ ನಿಂತಳು. ನನ್ನ ಗಾಡಿಗೆ ಹಾಕಿದ್ದು ಯಾವ ಆಯಿಲ್ ಎಂದು ಮೆಲ್ಲಗೆ ಕೇಳಿದಳು. ಒಳ್ಳೆಯದನ್ನೇ ಹಾಕಿದ್ದು ಎಂದರು, ಸೋಸಿ ಹಾಕಿದ್ದು.

‘ಎದರಾಗ ಸೋಸಿದ್ರಿ ಸರ್?’

ಅವರು ಸುತ್ತ ಎಲ್ಲರ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಈ ಕಾಲದಾಗ ಉಪಕಾರ ಮಾಡೂದ ತಪ್ಪಾತು ಎಂದು ಕರವಸ್ತ್ರ ತೆಗೆದರು. ಕೂಡಲೇ ಇಬ್ಬರು ಎದ್ದು ಹೋಗಿ ಅವರ ಬೆನ್ನು ಸವರಿದರು. ಮುಖ್ಯೋಪಾಧ್ಯಾಯಿನಿ ಸುನಂದಾಳಿಗೆ, ಆದದ್ದನ್ನು ಎಳೆಯಬೇಡಮ್ಮ, ಹಿರಿಯರು ಎಂದರು. ಕೋಲಿನ ಮೇಲೆ ನಿಂತವಳಿಗೆ ಯಾರೂ ಕುರ್ಚಿ ಕೊಡಲಿಲ್ಲ. ನಾನು ನನ್ನ ಕುರ್ಚಿ ಕೊಟ್ಟು, ಆಟೋ ನಗರದಲ್ಲಿ ಕಂಡದ್ದನ್ನೆಲ್ಲ ಹೇಳಿದೆ, ಚಹಾಪುಡಿಯ ತನಕ. ಕೆಲವರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. ಆದರೆ ಅವಳ ತಲೆ ಕೆಡಿಸಿದವನು ನಾನು ಎಂಬ ಮಾತು ಸಂಜೆಯೊಳಗೆ ಶಾಲೆಯೆಲ್ಲ ಹಬ್ಬಿತ್ತು.

ಮರುದಿನ ಊಟದ ಹೊತ್ತಿಗೆ ಹಿಂದಿ ಸರ್ ಏನೂ ಆಗಿಲ್ಲದವರ ಹಾಗೆ ನನ್ನ ಪಕ್ಕ ಬಂದು, ಇವತ್ತು ವೈನಿಯವರು ಏನು ಕಳಿಸಿದ್ದಾರೆ ಎನ್ನುತ್ತ ನನ್ನ ಹೆಂಡತಿ ಕಟ್ಟಿದ ಡಬ್ಬಿಗೆ ಕೈ ಚಾಚಿದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಕೈ ಮುಚ್ಚಳದ ಮೇಲೆ ಒಂದು ಗಳಿಗೆ ನಿಂತಿತು. ಬಳಿಕ ಅವರು ನಕ್ಕು ಬಾಜುವಿನವರ ಡಬ್ಬಿಯ ಕಡೆ ತಿರುಗಿದರು.

ಅವರಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ತಿಂಗಳು ನಾನು ಕಂಡ ಇನ್ನೊಂದು ಸಂಗತಿ. ಸರದಿಯ ಮೇಲೆ ಎಲ್ಲರ ಬೈಕಿನ ಕಿಟಕಿಗಳೂ ತಿಳಿ ಜೇನಿನ ಬಣ್ಣಕ್ಕೆ ತಿರುಗತೊಡಗಿದವು. ಬೆನ್ನು ಸವರಿದ ಇಬ್ಬರದು ಎಲ್ಲಕ್ಕಿಂತ ಮೊದಲು. ಒಬ್ಬೊಬ್ಬರೇ ಸದ್ದಿಲ್ಲದೆ ಆಟೋ ನಗರಕ್ಕೆ ಹೋಗಿ ಹಿಂದಿ ಸರ್ ಹಾಕಿದ್ದನ್ನು ತೆಗೆಸಿ ಬಂದಿದ್ದರು. ನಾನು ಹೇಳಿದ್ದನ್ನು ಅವರು ನಂಬಿದ್ದರು. ಸುನಂದಾಳ ಎದುರು ಆ ಮಾತು ಹೇಳಲು ಮಾತ್ರ ಯಾರೂ ತಯಾರಿರಲಿಲ್ಲ.

ಸುನಂದಾ ಮತ್ತೆ ಓಡಲಿಲ್ಲ. ಈಗ ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದುತ್ತಾಳೆ. ಕಾಲನ್ನು ಹೇಗೆ ತಿರುಗಿಸಬೇಕು ಎಂದು ಹುಡುಗಿಯರಿಗೆ ಕೈಯಿಂದ ತೋರಿಸುತ್ತಾಳೆ. ಗಾಡಿ ಬಿಡಲಿಲ್ಲ. ಅದರ ಬ್ರೇಕಿನ ಕೆಲಸವನ್ನು ಪೂರ್ತಿ ಕಲಿತುಕೊಂಡು ತಾನೇ ಮಾಡಿಕೊಳ್ಳುತ್ತಾಳೆ. ಗಾಡಿಯ ಬಣ್ಣದ ಮೇಲೆ ಆಯಿಲಿನ ಒಂದು ಹನಿ ಬಿದ್ದರೂ ಅದು ಸುಲಿದುಹೋಗುತ್ತದೆಂದು ಟಾಕಿಗೆ ಗೋಣಿ ಹೊದಿಸಿ, ಡಬ್ಬಿಯ ಸುತ್ತ ಒರೆಸಿ ಆಮೇಲೆ ಮುಚ್ಚಳ ಬಿಚ್ಚುತ್ತಾಳೆ. ಉಳಿದದ್ದನ್ನು ಇಟ್ಟುಕೊಳ್ಳುವುದಿಲ್ಲ.

ಬೀಳ್ಕೊಡುಗೆಯ ದಿನ ಹಿಂದಿ ಸರ್ ಬಹಳ ಹೊತ್ತು ಮಾತಾಡಿದರು. ಸೇವೆಯಲ್ಲಿ ತಮಗೆ ತೃಪ್ತಿ ಕೊಟ್ಟ ಪ್ರಸಂಗ ಎಂದು ಆ ಅಪಘಾತವನ್ನೇ ಹೇಳಿದರು. ನೆತ್ತರಿನ ಮಡುವಿನಲ್ಲಿ ಬಿದ್ದ ಮಗಳನ್ನು ಈ ಎರಡು ಕೈಯಿಂದ ಎತ್ತಿ ಆಸ್ಪತ್ರೆಗೆ ಒಯ್ದೆ ಎಂದು ಕೈಗಳನ್ನು ಮೇಲೆತ್ತಿ ತೋರಿಸಿದರು. ಆ ಕೈಗಳು ಅಂದು ಘಾಟಿಯ ಹತ್ತಿರವೂ ಇರಲಿಲ್ಲ. ಚಪ್ಪಾಳೆ ಬಿತ್ತು. ಮಡಚಲು ಬಾರದ ಕಾಲನ್ನು ಮುಂದೆ ಚಾಚಿಕೊಂಡು ಸುನಂದಾ ಮೊದಲನೆಯ ಸಾಲಿನಲ್ಲಿ ಕೂತಿದ್ದಳು.

ಊಟಕ್ಕೆ ನಾವಿಬ್ಬರೂ ಕೊನೆಯ ಮೇಜಿನಲ್ಲಿದ್ದೆವು. ಹಾರ ಹಾಕಿಕೊಂಡೇ ಬಂದು ಅವರು ನಮ್ಮೆದುರು ಕೂತರು.

‘ಎಲ್ಲಾರೂ ನನ್ನ ಬಗ್ಗೆ ನಾಕ ಮಾತ ಆಡಿದ್ರು, ಮಗಳ. ನೀ ಒಂದೂ ಆಡಲಿಲ್ಲ.’

ಸುನಂದಾ ಪೂರಿಯ ತುಂಡನ್ನು ತಟ್ಟೆಯಲ್ಲಿಟ್ಟಳು.

‘ನಾ ಆಡಿದ್ರ ನಿಮಗ ಊಟ ಸೇರತಿದ್ದಿಲ್ರಿ, ಸರ್.’

ಶಿರಾ ಬಡಿಸುತ್ತಿದ್ದವನು ಸೌಟು ಹಿಡಿದು ಹಾಗೇ ನಿಂತ. ಹಿಂದಿ ಸರ್ ಅವಳ ಮುಖ ನೋಡಿದರು, ಮೇಜಿನ ಹೊರಗೆ ಚಾಚಿದ್ದ ಅವಳ ಕಾಲು ನೋಡಿದರು, ನನ್ನನ್ನು ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಕೈ ಚಾಚಿ ಅವಳ ತಲೆ ತಟ್ಟಿ, ಹುಚ್ಚಿ ಅದಿ ಎಂದು ನಕ್ಕರು. ಬಡಿಸುವವನ ಕಡೆ ತಟ್ಟೆ ಸರಿಸಿ, ಬಿಸೀದು ಹಾಕು ಎಂದರು.

ಊಟ ಅವರಿಗೆ ಚೆನ್ನಾಗಿಯೇ ಸೇರಿತು.